ಸೋತ ವರ್ಷಗಳ ಲೆಕ್ಕ

ಸ್ಯಾನ್ ಫ್ರಾನ್ಸಿಸ್ಕೊದ ಬೇಸ್‌ಬಾಲ್ ಅಭಿಮಾನಿಗಳ ನಡುವೆ ಬ್ರಯಾನ್ ಸೇಬಿಯನ್ ಅವರ ಮಾತು ಬಂದರೆ ಚರ್ಚೆ ಬಹಳ ಹೊತ್ತು ನಡೆಯುವುದಿಲ್ಲ. 2010, 2012, 2014: ಐದು ವರ್ಷಗಳಲ್ಲಿ ಮೂರು ಸಲ ಜೈಂಟ್ಸ್ ತಂಡ ವರ್ಲ್ಡ್ ಸೀರೀಸ್ ಗೆದ್ದಿತು, ಮೂರು ಸಲವೂ ಜನರಲ್ ಮ್ಯಾನೇಜರ್ ಅವರೇ, ಇನ್ನೇನಿದೆ ಹೇಳಲಿಕ್ಕೆ ಎಂದು ಮಾತು ಮುಗಿಸಿಬಿಡುತ್ತಾರೆ. ಈ ಊರಿನವರ ಸಂಭ್ರಮ ನನಗೆ ಅರ್ಥವಾಗುತ್ತದೆ. ನ್ಯೂಯಾರ್ಕ್ ಬಿಟ್ಟು 1958ರಲ್ಲಿ ಇಲ್ಲಿಗೆ ಬಂದ ತಂಡ 2010ರವರೆಗೆ ಒಮ್ಮೆಯೂ ಚಾಂಪಿಯನ್ ಆಗಿರಲಿಲ್ಲ. ವಿಲ್ಲಿ ಮೇಸ್, ವಿಲ್ಲಿ ಮೆಕೋವಿಯಂಥವರು ಆಡಿದ ಕಾಲದಲ್ಲೂ ಅದು ಕೈಗೆ ಎಟುಕಿರಲಿಲ್ಲ. ಅಂಥ ಊರಿಗೆ ಮೂರು ಕಪ್ ತಂದುಕೊಟ್ಟವರನ್ನು ಜನ ಹೊಗಳದೆ ಇರುವುದಾದರೂ ಹೇಗೆ?

ಆದರೆ ಹೊಗಳುವುದು ಬೇರೆ, ಅಳೆಯುವುದು ಬೇರೆ. ತೊಂಬತ್ತರ ದಶಕದಲ್ಲಿ ಕೆಲಸಕ್ಕೆಂದು ಬೆಂಗಳೂರಿನಿಂದ ಬೇ ಏರಿಯಾಕ್ಕೆ ಬಂದು, ಕ್ರಿಕೆಟ್ ಇಲ್ಲದ ಸಂಜೆಗಳಲ್ಲಿ ಈ ಆಟಕ್ಕೆ ಮನಸೋತವನು ನಾನು. ಸೇಬಿಯನ್ ಅವರ ಅಧಿಕಾರಾವಧಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ್ದೇನೆ. ಅಷ್ಟು ನೋಡಿದ ಮೇಲೆ ನನಗನ್ನಿಸುವುದು ಇಷ್ಟು: ಅವರ ಸಾಮರ್ಥ್ಯಕ್ಕೆ ಆ ಮೂರು ಕಪ್‌ಗಳು ಅಷ್ಟೇನೂ ಗಟ್ಟಿಯಾದ ಸಾಕ್ಷಿಯಲ್ಲ. ಗಟ್ಟಿ ಸಾಕ್ಷಿ ಬೇಕಿದ್ದರೆ ಯಾರೂ ನೆನಪಿಸಿಕೊಳ್ಳಲು ಬಯಸದ ನಾಲ್ಕು ವರ್ಷಗಳಿಗೆ, 2005ರಿಂದ 2008ರವರೆಗಿನ ಸೋಲಿನ ಕಾಲಕ್ಕೆ ಹೋಗಬೇಕು.

ಈ ಹುದ್ದೆಯ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. ಬೇಸ್‌ಬಾಲ್‌ನಲ್ಲಿ ಮೈದಾನದ ಪಕ್ಕದಲ್ಲಿ ಕೂತು ಯಾರನ್ನು ಯಾವಾಗ ಇಳಿಸಬೇಕೆಂದು ತೀರ್ಮಾನಿಸುವವರು ಮ್ಯಾನೇಜರ್. ಆಟಗಾರರನ್ನು ತಂಡಕ್ಕೆ ತರುವವರು, ಕಳಿಸುವವರು, ಸಂಬಳ ಕುದುರಿಸುವವರು, ಶಾಲೆ ಕಾಲೇಜುಗಳಿಂದ ಹುಡುಗರನ್ನು ಆರಿಸಿ ವರ್ಷಗಟ್ಟಲೆ ಬೆಳೆಸುವ ವ್ಯವಸ್ಥೆ ನಡೆಸುವವರು ಜನರಲ್ ಮ್ಯಾನೇಜರ್. ನಮ್ಮ ಐಪಿಎಲ್ ಹರಾಜಿನ ಮೇಜಿನಲ್ಲಿ ಕೂತವರ ಕೆಲಸ ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ಇವರಿಗೆ ಅದು ವರ್ಷದ ಹನ್ನೆರಡು ತಿಂಗಳೂ ಇದ್ದದ್ದೇ. ಇಂದು ಆರಿಸಿದ ಹದಿನೆಂಟರ ಹುಡುಗ ಪ್ರಯೋಜನಕ್ಕೆ ಬರುವುದು ನಾಲ್ಕೈದು ವರ್ಷಗಳ ನಂತರ. ಈ ವಿಳಂಬವೇ ತೀರ್ಪು ಕೊಡುವುದನ್ನು ಕಷ್ಟವಾಗಿಸುತ್ತದೆ. ಕಾರಣ ಒಂದು ಕಾಲದಲ್ಲಿ, ಫಲ ಇನ್ನೊಂದು ಕಾಲದಲ್ಲಿ.

ಸೇಬಿಯನ್ 1996ರ ಶರತ್ಕಾಲದಲ್ಲಿ ಅಧಿಕಾರ ವಹಿಸಿಕೊಂಡಾಗ ತಂಡ 68 ಪಂದ್ಯ ಗೆದ್ದು 94 ಸೋತು ಕೊನೆಯ ಸ್ಥಾನದಲ್ಲಿತ್ತು. ಅದಕ್ಕೂ ಮೊದಲು ನ್ಯೂಯಾರ್ಕ್ ಯಾಂಕೀಸ್‌ನಲ್ಲಿ ಪ್ರತಿಭೆ ಹುಡುಕುವ ವಿಭಾಗದಲ್ಲಿದ್ದವರು ಅವರು. ಡೆರೆಕ್ ಜೀಟರ್, ಮರಿಯಾನೊ ರಿವೇರಾ ಮುಂತಾದವರು ಆ ಸಂಸ್ಥೆಗೆ ಬಂದ ಕಾಲವದು. ಇಲ್ಲಿ ಅವರು ಮಾಡಿದ ಮೊದಲ ದೊಡ್ಡ ಕೆಲಸ ಊರಿನ ಅಚ್ಚುಮೆಚ್ಚಿನ ಮ್ಯಾಟ್ ವಿಲಿಯಮ್ಸ್ ಅವರನ್ನು ಕ್ಲೀವ್‌ಲ್ಯಾಂಡ್‌ಗೆ ಕಳಿಸಿ, ಜೆಫ್ ಕೆಂಟ್ ಮತ್ತಿತರರನ್ನು ತಂದದ್ದು. ಊರು ಕೆರಳಿತು. ತಾನು ಮೂರ್ಖನಲ್ಲ ಎಂದು ಅವರು ಪತ್ರಕರ್ತರ ಮುಂದೆ ಬಾಯಿಬಿಟ್ಟು ಹೇಳಬೇಕಾಯಿತು. ಮರುವರ್ಷವೇ ತಂಡ 90 ಪಂದ್ಯ ಗೆದ್ದು ವಿಭಾಗದಲ್ಲಿ ಮೊದಲಾಯಿತು. 2000ದಲ್ಲಿ ಕೆಂಟ್ ಲೀಗ್‌ನ ಅತ್ಯಮೂಲ್ಯ ಆಟಗಾರ ಎನಿಸಿದರು. ಅಭಿಮಾನಿಗಳ ಮೊದಲ ದಿನದ ಸಿಟ್ಟಿಗೆ ಎಷ್ಟು ಬೆಲೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಊರಿನಲ್ಲಿ ಸಿಗುವುದಿಲ್ಲ.

ಈಗ ಕಪ್‌ಗಳ ವಿಷಯ. ಸೇಬಿಯನ್ ಕಟ್ಟಿದ ತಂಡಗಳಲ್ಲಿ ಸೀಸನ್‌ನಲ್ಲಿ ಅತಿ ಹೆಚ್ಚು ಪಂದ್ಯ ಗೆದ್ದದ್ದು 2003ರ ತಂಡ. 100 ಗೆಲುವು. ಅದು ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಫ್ಲಾರಿಡಾ ಮಾರ್ಲಿನ್ಸ್‌ಗೆ ಸೋತು ಮನೆಗೆ ಬಂತು. 2014ರಲ್ಲಿ ಕಪ್ ಎತ್ತಿದ ತಂಡ ಗೆದ್ದದ್ದು ಬರೀ 88. ಮೂರನೆಯದೊಂದು ತಂಡವೂ ಇದೆ: 2002ರದ್ದು. ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯದಲ್ಲಿ, ಏಳನೇ ಇನ್ನಿಂಗ್ಸ್‌ನಲ್ಲಿ, ಜೈಂಟ್ಸ್ ಐದು ರನ್ ಮುಂದಿತ್ತು. ಇನ್ನು ಎಂಟು ಔಟ್ ತೆಗೆದಿದ್ದರೆ ಕಪ್ ನಮ್ಮದು. ಆಗ ಏಂಜಲ್ಸ್ ತಂಡದ ಸ್ಕಾಟ್ ಸ್ಪೀಜಿಯೊ ಮೂರು ರನ್‌ಗಳ ಹೋಮ್ ರನ್ ಹೊಡೆದರು, ಮುಂದಿನ ಇನ್ನಿಂಗ್ಸ್‌ನಲ್ಲಿ ಪಂದ್ಯ ಕೈಬಿಟ್ಟಿತು, ಮರುದಿನ ಸೀರೀಸೂ ಹೋಯಿತು. ಹನ್ನೆರಡು ವರ್ಷಗಳ ನಂತರ ಕ್ಯಾನ್ಸಸ್ ಸಿಟಿಯಲ್ಲಿ ಏಳನೇ ಪಂದ್ಯದ ಕೊನೆಯ ಇನ್ನಿಂಗ್ಸ್‌ನಲ್ಲಿ, ಎರಡು ಔಟ್ ಆದ ಮೇಲೆ, ಜೈಂಟ್ಸ್ ಒಂದೇ ರನ್ ಮುಂದಿದ್ದಾಗ, ಎದುರಾಳಿಯ ಅಲೆಕ್ಸ್ ಗಾರ್ಡನ್ ಮೂರನೇ ಬೇಸ್‌ನಲ್ಲಿ ನಿಂತಿದ್ದರು. ತೊಂಬತ್ತು ಅಡಿ ಓಡಿದ್ದರೆ ಪಂದ್ಯ ಸಮ. ಸಾಲ್ವಡೋರ್ ಪೆರೆಜ್ ಹೊಡೆದ ಚೆಂಡು ನೆಟ್ಟಗೆ ಮೇಲೆದ್ದು ಗೆರೆಯಾಚೆ ಪಾಬ್ಲೊ ಸಾಂಡೊವಾಲ್ ಕೈಗೆ ಬಿತ್ತು.

ಈ ಎರಡು ರಾತ್ರಿಗಳ ನಡುವೆ ಸೇಬಿಯನ್ ಅವರ ಬುದ್ಧಿವಂತಿಕೆ ಹೆಚ್ಚಿತೋ ಕಡಿಮೆಯಾಯಿತೋ ಎಂಬುದನ್ನು ಒಂದು ಹೋಮ್ ರನ್‌ನಿಂದ, ಇನ್ನೊಂದು ಕ್ಯಾಚ್‌ನಿಂದ ಹೇಳಲು ಬರುತ್ತದೆಯೇ? ಏಳು ಪಂದ್ಯಗಳ ಸರಣಿಯಲ್ಲಿ ಒಳ್ಳೆಯ ತಂಡ ಸೋಲುವುದು ದಿನನಿತ್ಯದ ಸಂಗತಿ. ತಂಡವನ್ನು ಆ ಸರಣಿಯ ಬಾಗಿಲಿಗೆ ಮತ್ತೆ ಮತ್ತೆ ಕರೆದೊಯ್ಯುವುದಷ್ಟೇ ಜನರಲ್ ಮ್ಯಾನೇಜರ್ ಕೈಯಲ್ಲಿರುವುದು. 2002ರಲ್ಲಿ ಆ ಎಂಟು ಔಟ್ ಸಿಕ್ಕಿದ್ದರೆ, ಬ್ಯಾರಿ ಬಾಂಡ್ಸ್ ಸುತ್ತ ಹಿರಿಯ ಆಟಗಾರರನ್ನು ಜೋಡಿಸುವ ಅವರ ಆಗಿನ ನೀತಿಯೇ ಸರಿ ಎಂದು ಊರೆಲ್ಲ ಹಾಡಿ ಹೊಗಳುತ್ತಿತ್ತು. ನನ್ನ ಮಟ್ಟಿಗೆ ಆ ನೀತಿಯೇ ಅವರ ದೊಡ್ಡ ದೋಷವಾಗಿತ್ತು.

ಬಾಂಡ್ಸ್ 2001ರಲ್ಲಿ 73 ಹೋಮ್ ರನ್ ಹೊಡೆದರು. ಅಂಥ ಆಟಗಾರನ ಕೊನೆಯ ವರ್ಷಗಳು ವ್ಯರ್ಥವಾಗಬಾರದೆಂಬ ಆತುರ ತಪ್ಪಲ್ಲ. ಸರ್ಕಾರದ ದುಡ್ಡಿಗೆ ಕಾಯದೆ ಖಾಸಗಿ ಸಾಲದಲ್ಲಿ ಕಟ್ಟಿ, 2000ದಲ್ಲಿ ತೆರೆದ ಹೊಸ ಕ್ರೀಡಾಂಗಣಕ್ಕೆ ಜನ ತುಂಬಬೇಕಿತ್ತು ಎಂಬುದೂ ನಿಜ. ಆದರೆ ಆ ಆತುರದಲ್ಲಿ ಎಳೆಯ ಆಟಗಾರರು ಬರೀ ಚಿಲ್ಲರೆ ಹಣವಾಗಿಬಿಟ್ಟರು. 2003ರ ನವೆಂಬರ್‌ನಲ್ಲಿ ಕ್ಯಾಚರ್ ಎ.ಜೆ. ಪಿಯರ್ಜಿನ್‌ಸ್ಕಿಗಾಗಿ ಜೋ ನೇಥನ್, ಫ್ರಾನ್ಸಿಸ್ಕೊ ಲಿರಿಯಾನೊ, ಬೂಫ್ ಬಾನ್ಸರ್ ಎಂಬ ಮೂವರು ಪಿಚರ್‌ಗಳನ್ನು, ಅಂದರೆ ಚೆಂಡೆಸೆಯುವವರನ್ನು, ಮಿನೆಸೋಟಕ್ಕೆ ಕೊಟ್ಟರು. ಪಿಯರ್ಜಿನ್‌ಸ್ಕಿ ಒಂದೇ ಸೀಸನ್ ಇಲ್ಲಿದ್ದರು. ನೇಥನ್ ತಮ್ಮ ಕಾಲದ ಅತ್ಯುತ್ತಮ ಕ್ಲೋಸರ್‌ಗಳಲ್ಲಿ, ಅಂದರೆ ಪಂದ್ಯದ ಕೊನೆಗೆ ಬಂದು ಎಸೆಯುವವರಲ್ಲಿ, ಒಬ್ಬರಾದರು. ಸೇಬಿಯನ್ ಅವರನ್ನು ಬೈಯಬೇಕೆಂದವರು ಮೊದಲು ಎತ್ತುವುದು ಈ ಟ್ರೇಡನ್ನೇ.

ನಾನು ಅದನ್ನು ಅಷ್ಟು ದೊಡ್ಡದು ಮಾಡುವುದಿಲ್ಲ. ಆ ದಿನ ಗೊತ್ತಿದ್ದುದನ್ನಷ್ಟೇ ಮುಂದಿಟ್ಟುಕೊಂಡು ನೋಡಿ: ಪಿಯರ್ಜಿನ್‌ಸ್ಕಿ ಹಿಂದಿನ ವರ್ಷ ಆಲ್‌ಸ್ಟಾರ್ ಆಗಿದ್ದವರು, ಆ ವರ್ಷ .312 ಸರಾಸರಿಯಲ್ಲಿ ಹೊಡೆದವರು. ಲಿರಿಯಾನೊ ಕೆಳಗಿನ ಲೀಗ್‌ನಲ್ಲಿದ್ದ, ಗಾಯದಿಂದ ನರಳುತ್ತಿದ್ದ ಹುಡುಗ. ದುಬಾರಿ ಬೆಲೆ, ಆದರೆ ಹುಚ್ಚಲ್ಲ. ನನ್ನನ್ನು ಹೆಚ್ಚು ನೋಯಿಸಿದ್ದು ಅದರ ಮರುತಿಂಗಳು ನಡೆದ, ಬಹಳ ಜನ ಮರೆತೇಬಿಟ್ಟಿರುವ ಒಂದು ಸಣ್ಣ ಒಪ್ಪಂದ. ಮೈಕಲ್ ಟಕರ್ ಎಂಬ ಸಾಧಾರಣ ಔಟ್‌ಫೀಲ್ಡರ್‌ನನ್ನು ತೆಗೆದುಕೊಂಡರು. ನಿಯಮದ ಪ್ರಕಾರ, ಸ್ವಲ್ಪ ಕಾದಿದ್ದರೆ ಅದಕ್ಕೆ ದಂಡ ತೆರಬೇಕಾಗಿ ಬರುವ ಸಾಧ್ಯತೆ ಕಡಿಮೆಯಿತ್ತು. ಬೇಕೆಂದೇ ಕಾಯಲಿಲ್ಲ, ಮೊದಲ ಸುತ್ತಿನಲ್ಲಿ ಹುಡುಗನೊಬ್ಬನನ್ನು ಆರಿಸುವ ಹಕ್ಕನ್ನೇ ಬಿಟ್ಟುಕೊಟ್ಟರು. ಆ ಹುಡುಗನಿಗೆ ಕೊಡಬೇಕಾದ ಹಣವನ್ನು ಇಂದಿನ ತಂಡಕ್ಕೆ ಬಳಸಿದರಾಯಿತು ಎಂಬ ಲೆಕ್ಕಾಚಾರ. ಟ್ರೇಡ್ ಕೈಕೊಟ್ಟರೆ ಅದು ಎಣಿಕೆಯ ತಪ್ಪು; ಇದು ಎಣಿಸಿಯೇ ಭವಿಷ್ಯವನ್ನು ಅಡವಿಟ್ಟದ್ದು. ಒಬ್ಬ ಆಡಳಿತಗಾರನನ್ನು ಅಳೆಯುವಾಗ ಎರಡನೆಯದಕ್ಕೆ ಹೆಚ್ಚು ತೂಕ ಕೊಡಬೇಕು, ಏಕೆಂದರೆ ಅದರಲ್ಲಿ ಅದೃಷ್ಟದ ಪಾಲಿಲ್ಲ, ಅದು ಅವರ ಮನಸ್ಸಿನ ನೇರ ಪ್ರತಿ.

ಬಿಲ್ಲು ಬಂದದ್ದು 2005ರಲ್ಲಿ. 75 ಗೆಲುವು, ನಂತರ 76, 71, 72. ಸತತ ನಾಲ್ಕು ವರ್ಷ ಸೋಲೇ ಹೆಚ್ಚು. ಬಾಂಡ್ಸ್ 2007ರ ಆಗಸ್ಟ್ 7ರಂದು 756ನೇ ಹೋಮ್ ರನ್ ಹೊಡೆದು ಹ್ಯಾಂಕ್ ಆರನ್ ದಾಖಲೆ ದಾಟಿದ ರಾತ್ರಿ ಕ್ರೀಡಾಂಗಣ ತುಂಬಿತ್ತು, ತಂಡ ಮಾತ್ರ ಕೊನೆಯ ಸ್ಥಾನದ ಹಾದಿಯಲ್ಲಿತ್ತು. ಸೇಬಿಯನ್ ಅವರನ್ನು ತೆಗೆಯಿರಿ ಎಂಬ ಕೂಗು ರೇಡಿಯೊದಲ್ಲಿ ದಿನವೂ ಕೇಳಿಸುತ್ತಿತ್ತು.

ಆ ಕೂಗಿನ ಅಡಿಯಲ್ಲಿ ನಡೆಯುತ್ತಿದ್ದುದನ್ನು ನೋಡಿ. 2006ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹುಡುಗರನ್ನು ಆರಿಸುವಲ್ಲಿ, ಹತ್ತನೇ ಆಯ್ಕೆ ಟಿಮ್ ಲಿನ್ಸಕಮ್. ಪಿಚರ್‌ಗೆ ಸಾಲದ ಮೈಕಟ್ಟು, ನೋಡಿದವರಿಗೆ ಭುಜ ಕಿತ್ತುಹೋದೀತು ಎಂದು ಭಯವಾಗುವಂಥ ಎಸೆತದ ಶೈಲಿ. ಒಂಬತ್ತು ಸಲ ಬೇರೆ ಹೆಸರು ಕೂಗಿದ ಮೇಲೆ ಜೈಂಟ್ಸ್ ಸರದಿ ಬಂತು. 2007ರಲ್ಲಿ ಮತ್ತೆ ಹತ್ತನೆಯ ಆಯ್ಕೆ, ಉತ್ತರ ಕ್ಯಾರೊಲಿನಾದ ಹೈಸ್ಕೂಲ್ ಹುಡುಗ ಮ್ಯಾಡಿಸನ್ ಬಮ್‌ಗಾರ್ನರ್. 2008ರಲ್ಲಿ ಐದನೆಯ ಆಯ್ಕೆ ಬಸ್ಟರ್ ಪೋಸಿ; ಅದೇ ವರ್ಷ ನಾಲ್ಕನೇ ಸುತ್ತಿನಲ್ಲಿ ಬ್ರ್ಯಾಂಡನ್ ಕ್ರಾಫರ್ಡ್. ಮ್ಯಾಟ್ ಕೇನ್ 2002ರಲ್ಲೇ ಬಂದಿದ್ದರು. ಲಿನ್ಸಕಮ್ 2008 ಮತ್ತು 2009ರಲ್ಲಿ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು. 2010ರ ಪ್ಲೇಆಫ್‌ನಲ್ಲಿ ಪಂದ್ಯ ಆರಂಭಿಸಿದ ನಾಲ್ವರು ಪಿಚರ್‌ಗಳು, ಅಂದರೆ ಲಿನ್ಸಕಮ್, ಕೇನ್, ಜೊನಾಥನ್ ಸ್ಯಾಂಚೆಜ್, ಬಮ್‌ಗಾರ್ನರ್, ನಾಲ್ವರೂ ಈ ಸಂಸ್ಥೆಯೇ ಆರಿಸಿ ಬೆಳೆಸಿದವರು. ಆ ವರ್ಲ್ಡ್ ಸೀರೀಸ್‌ನ ನಾಲ್ಕನೇ ಪಂದ್ಯದಲ್ಲಿ ಎಸೆದ ಬಮ್‌ಗಾರ್ನರ್‌ಗೆ 21 ವರ್ಷ, ಹಿಡಿದ ಪೋಸಿಗೆ 23.

ಸೋತ ತಂಡಕ್ಕೆ ಡ್ರಾಫ್ಟ್‌ನಲ್ಲಿ ಮುಂದಿನ ಸ್ಥಾನ ಸಿಗುವುದು ನಿಯಮ, ಅದರಲ್ಲಿ ಹೆಚ್ಚುಗಾರಿಕೆಯೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಮುಂದಿನ ಸ್ಥಾನ ಸಿಕ್ಕ ಎಷ್ಟೋ ತಂಡಗಳು ಅದನ್ನು ಪೋಲು ಮಾಡಿವೆ. 2008ರಲ್ಲಿ ಪೋಸಿಯವರನ್ನು ಬಿಟ್ಟು ಬೇರೆಯವರನ್ನು ಆರಿಸಿದ ತಂಡಗಳೇ ನಾಲ್ಕು. ಹುಡುಕಿದ ಶ್ರೇಯ ಡಿಕ್ ಟಿಡ್ರೋ, ಜಾನ್ ಬಾರ್ ಮುಂತಾದವರದು ಎಂದೂ ಹೇಳಬಹುದು. ಅದೂ ನಿಜ. ಅಂಥವರನ್ನು ಜೊತೆಗಿಟ್ಟುಕೊಂಡು ಅವರ ಮಾತು ನಡೆಯುವಂತೆ ನೋಡಿಕೊಂಡವರು ಯಾರು ಎಂಬುದೇ ನನ್ನ ಉತ್ತರ. ಮೂರು ವರ್ಷ ಹಿಂದೆ ಮೊದಲ ಸುತ್ತಿನ ಹಕ್ಕನ್ನು ಚಿಲ್ಲರೆಗೆ ಬಿಟ್ಟುಕೊಟ್ಟಿದ್ದವರು ಈಗ ಅದೇ ಹಕ್ಕಿನ ಮೇಲೆ ತಂಡ ಕಟ್ಟಲು ಹೊರಟಿದ್ದರು. ಐವತ್ತು ದಾಟಿದ ಮೇಲೆ, ಕುರ್ಚಿ ಅಲ್ಲಾಡುತ್ತಿರುವಾಗ, ತನ್ನ ವೃತ್ತಿಯ ಅರ್ಧ ಭಾಗ ನಡೆಸಿಕೊಂಡು ಬಂದ ನಂಬಿಕೆಯನ್ನು ಬದಲಿಸುವುದು ಸಣ್ಣ ವಿಷಯವಲ್ಲ. ಎಲ್ಲ ಕ್ಷೇತ್ರಗಳ ಆಡಳಿತಗಾರರಲ್ಲೂ ನಾನು ಅದನ್ನು ಬಹಳ ಅಪರೂಪಕ್ಕೆ ಕಂಡಿದ್ದೇನೆ.

ಅದಕ್ಕಿಂತಲೂ ಮುಖ್ಯವಾದದ್ದು, ಅವರು ಮಾಡದೆ ಬಿಟ್ಟ ವ್ಯವಹಾರಗಳು. 2007ರ ಚಳಿಗಾಲದಲ್ಲಿ ಲಿನ್ಸಕಮ್ ಅವರನ್ನು ಟೊರೊಂಟೊಗೆ ಕೊಟ್ಟು ಅಲೆಕ್ಸ್ ರಿಯೋಸ್ ಎಂಬ ಬ್ಯಾಟರ್‌ನನ್ನು ತರುವ ಮಾತುಕತೆಯ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ರನ್ ಹೊಡೆಯಲು ಜನವೇ ಇಲ್ಲದ ತಂಡ ಅದು. ಪಿಚರ್‌ಗಳಲ್ಲಿ ಒಬ್ಬರನ್ನು ಕೊಟ್ಟು ಬ್ಯಾಟರ್ ತನ್ನಿ ಎಂಬುದು ಸಾಮಾನ್ಯ ಅಭಿಮಾನಿಯ ಒತ್ತಾಯವೂ ಆಗಿತ್ತು. ಕೊಡಲಿಲ್ಲ. ಕೇನ್ ಅವರನ್ನೂ ಕೊಡಲಿಲ್ಲ. ನಡೆದ ಟ್ರೇಡ್‌ಗಳ ಪಟ್ಟಿಯನ್ನು ಯಾರು ಬೇಕಾದರೂ ತೆಗೆದು ನೋಡಬಹುದು, ಇಂಥ ನಿರಾಕರಣೆಗಳ ಪಟ್ಟಿ ಎಲ್ಲಿಯೂ ಇಲ್ಲ. ಪ್ರತಿ ಸೀಸನ್‌ನ ಗಲಾಟೆಯಲ್ಲಿ ಇದ್ದವರಿಗೆ ಮಾತ್ರ ಅದು ನೆನಪಿರುತ್ತದೆ. ಹಳೆಯ ಅಭಿಮಾನಿಯ ತೀರ್ಪಿಗೆ ಏನಾದರೂ ಬೆಲೆ ಇದ್ದರೆ ಅದು ಇದೇ ಕಾರಣಕ್ಕೆ.

ಈ ಸೋಲಿನ ಕಾಲದಲ್ಲೇ ಬ್ಯಾರಿ ಝೀಟೊ ಒಪ್ಪಂದವೂ ಆಯಿತು: 2006ರ ಡಿಸೆಂಬರ್, ಏಳು ವರ್ಷ, 12.6 ಕೋಟಿ ಡಾಲರ್. ಆವರೆಗೆ ಯಾವ ಪಿಚರ್‌ಗೂ ಅಷ್ಟು ಹಣ ಸಿಕ್ಕಿರಲಿಲ್ಲ. ಇದು ಆ ದಿನದ ತಿಳಿವಳಿಕೆಯಿಂದ ನೋಡಿದರೂ ತಪ್ಪೇ. ಆ ವರ್ಷ ಅವರು 99 ಬ್ಯಾಟರ್‌ಗಳಿಗೆ ಪುಕ್ಕಟೆಯಾಗಿ ಮೊದಲ ಬೇಸ್ ಬಿಟ್ಟುಕೊಟ್ಟಿದ್ದರು, ಎಸೆತದ ವೇಗ ಇಳಿದಿತ್ತು. ಇದೆಲ್ಲ ಅಂಕಿ-ಅಂಶಗಳಲ್ಲಿ ಕಣ್ಣಿಗೆ ರಾಚುತ್ತಿತ್ತು. ಅಷ್ಟು ದೊಡ್ಡ ಮೊತ್ತ ಮಾಲೀಕರ ಒಪ್ಪಿಗೆ ಇಲ್ಲದೆ ಹೊರಡುವುದಿಲ್ಲ ಎಂಬುದು ಸರಿ, ಆದರೂ ಸಹಿ ಸೇಬಿಯನ್ ಅವರದು. ಜೈಂಟ್ಸ್ ಪರವಾಗಿ ಝೀಟೊ ಗೆದ್ದದ್ದು 63, ಸೋತದ್ದು 80. 2010ರ ಪ್ಲೇಆಫ್ ತಂಡದಲ್ಲಿ ಅವರಿಗೆ ಜಾಗವೇ ಇರಲಿಲ್ಲ.

ಆದರೆ 2012ರ ಅಕ್ಟೋಬರ್ 19 ಎಂಬುದೊಂದು ದಿನವಿದೆ. ಸೇಂಟ್ ಲೂಯಿಸ್‌ನಲ್ಲಿ ಲೀಗ್ ಚಾಂಪಿಯನ್‌ಷಿಪ್ ಸರಣಿಯ ಐದನೇ ಪಂದ್ಯ, ಜೈಂಟ್ಸ್ ಮೂರು-ಒಂದರಿಂದ ಹಿಂದೆ, ಸೋತರೆ ಸೀಸನ್ ಮುಗಿಯಿತು. ಎಸೆಯಲು ಬಂದವರು ಝೀಟೊ. ವೇಗವೇ ಇಲ್ಲದ ಚೆಂಡುಗಳನ್ನು ಮೂಲೆ ಮೂಲೆಗೆ ಹಾಕುತ್ತ ಎಂಟನೇ ಇನ್ನಿಂಗ್ಸ್‌ವರೆಗೆ ಒಂದು ರನ್ನೂ ಕೊಡಲಿಲ್ಲ. ನಾಲ್ಕನೇ ಇನ್ನಿಂಗ್ಸ್‌ನಲ್ಲಿ, ಎರಡು ಔಟ್ ಆಗಿದ್ದಾಗ, ಎಲ್ಲರೂ ಅವರು ಬೀಸುತ್ತಾರೆ ಎಂದುಕೊಂಡಿದ್ದರೆ, ಬ್ಯಾಟನ್ನು ಅಡ್ಡ ಹಿಡಿದು ಮೂರನೇ ಬೇಸ್‌ನ ಗೆರೆಗುಂಟ ಚೆಂಡನ್ನು ಮೆಲ್ಲಗೆ ಉರುಳಿಸಿಬಿಟ್ಟರು. ರನ್ ಬಂತು. ತಂಡ 5-0ಯಿಂದ ಗೆದ್ದು, ಮುಂದಿನ ಎರಡನ್ನೂ ಗೆದ್ದು, ವರ್ಲ್ಡ್ ಸೀರೀಸ್‌ಗೆ ಹೋಗಿ ಡೆಟ್ರಾಯಿಟ್ ತಂಡವನ್ನು ನಾಲ್ಕಕ್ಕೆ ನಾಲ್ಕೂ ಸೋಲಿಸಿತು. ಆ ಸಂಜೆಗೆ 12.6 ಕೋಟಿಯೂ ಕಡಿಮೆಯೇ ಎನ್ನುವವರಿದ್ದಾರೆ. ಝೀಟೊ ಅವರ ಛಲಕ್ಕೆ ನನ್ನದೂ ನಮಸ್ಕಾರ. ಆದರೆ ಆ ಶ್ರೇಯ ಆರು ವರ್ಷ ಬೈಗುಳ ತಿಂದೂ ಕೆಲಸ ಬಿಡದ ಪಿಚರ್‌ಗೆ ಸೇರಬೇಕೇ ಹೊರತು ಒಪ್ಪಂದ ಬರೆದವರಿಗಲ್ಲ. ತಪ್ಪು ನಿರ್ಧಾರಕ್ಕೆ ಒಂದು ಒಳ್ಳೆಯ ರಾತ್ರಿ ಸಿಕ್ಕಿತೆಂದ ಮಾತ್ರಕ್ಕೆ ಅದು ಸರಿಯಾದ ನಿರ್ಧಾರವಾಗುವುದಿಲ್ಲ.

ಅವರಿಗೇ ಸೇರಬೇಕಾದ ಶ್ರೇಯ ಬೇರೆ ಇದೆ. ಬೇರೆ ತಂಡಗಳು ಬೇಡವೆಂದು ಬಿಟ್ಟವರಲ್ಲಿ ಉಳಿದಿರುವ ಆಟವನ್ನು ಗುರುತಿಸುವುದರಲ್ಲಿ ಅವರ ಕಣ್ಣು ಅಸಾಧಾರಣ. 2010ರ ಆಗಸ್ಟ್‌ನಲ್ಲಿ ಮಾರ್ಲಿನ್ಸ್ ಕೈಬಿಟ್ಟ ಕೋಡಿ ರಾಸ್ ಎರಡೇ ತಿಂಗಳಲ್ಲಿ ಲೀಗ್ ಚಾಂಪಿಯನ್‌ಷಿಪ್ ಸರಣಿಯ ಅತ್ಯುತ್ತಮ ಆಟಗಾರ. 2012ರ ಜುಲೈನಲ್ಲಿ ಬಂದ ಮಾರ್ಕೊ ಸ್ಕುಟಾರೊ ಕೂಡ ಹಾಗೆಯೇ. 2001ರಲ್ಲಿ ಜೇಸನ್ ಶ್ಮಿಟ್‌ಗಾಗಿ ಪಿಟ್ಸ್‌ಬರ್ಗ್‌ಗೆ ಕಳಿಸಿದ್ದ ರಯನ್ ವೋಗಲ್‌ಸಾಂಗ್ ಜಪಾನ್‌ವರೆಗೆ ಅಲೆದು ಬಂದಾಗ, 2011ರಲ್ಲಿ ಸಣ್ಣ ಒಪ್ಪಂದದ ಮೇಲೆ ಮತ್ತೆ ಕರೆದುಕೊಂಡರು. ಆ ವರ್ಷವೇ ಅವರು ಆಲ್‌ಸ್ಟಾರ್. ಒಂದು ಸಲವಾದರೆ ಅದೃಷ್ಟ ಎನ್ನಬಹುದು. ಇಷ್ಟು ಸಲ ಆದದ್ದನ್ನು ಹಾಗೆ ತಳ್ಳಿಹಾಕಲಾಗದು.

ಕೊಲ್ಲಿಯ ಆಚೆ ದಡದ ಓಕ್‌ಲ್ಯಾಂಡ್‌ನಲ್ಲಿ ಇದೇ ಕಾಲದಲ್ಲಿ ಬಿಲ್ಲಿ ಬೀನ್ ಇದ್ದರು. 2003ರಲ್ಲಿ ಮೈಕಲ್ ಲೂಯಿಸ್ ಬರೆದ ‘ಮನಿಬಾಲ್’ನಿಂದ ಅವರ ಹೆಸರು ಬೇಸ್‌ಬಾಲ್ ನೋಡದವರಿಗೂ ಗೊತ್ತಾಯಿತು. ಬೀನ್ ಅಂಕಿ-ಅಂಶದವರು, ಸೇಬಿಯನ್ ಕಣ್ಣಂದಾಜಿನವರು. ಬೀನ್‌ಗೆ ವಿಚಾರ ಸಿಕ್ಕಿತು, ಸೇಬಿಯನ್‌ಗೆ ಕಪ್ ಸಿಕ್ಕಿತು ಎಂಬ ಹೋಲಿಕೆ ಇಲ್ಲಿ ಮಾಮೂಲು. ಎರಡೂ ಅರ್ಧ ಸತ್ಯ. ಜೈಂಟ್ಸ್ ಕಚೇರಿಯಲ್ಲೂ ಅಂಕಿ-ಅಂಶದ ಕೆಲಸ ಸದ್ದಿಲ್ಲದೆ ನಡೆದಿತ್ತು. ಬೀನ್ ಅವರ ತಂಡಗಳು 2000ದಿಂದ 2003ರವರೆಗೆ ನಾಲ್ಕು ವರ್ಷ ಸತತವಾಗಿ ಮೊದಲ ಸುತ್ತಿನ ಐದನೇ ಪಂದ್ಯದಲ್ಲಿ ಸೋತವು. ಆ ನಾಲ್ಕು ಪಂದ್ಯಗಳನ್ನೇ ಹಿಡಿದು ಬೀನ್ ಸೋತರು ಎನ್ನುವವರ ಜೊತೆ ನಾನು ನಿಲ್ಲಲಾರೆ, ಏಕೆಂದರೆ ಸೇಬಿಯನ್ ಗೆದ್ದ ಮೂರನ್ನು ಅದೇ ಕಾರಣಕ್ಕೆ ನಾನು ಪಕ್ಕಕ್ಕಿಟ್ಟಿದ್ದೇನೆ.

ಇಷ್ಟೆಲ್ಲ ಹೇಳಿದ ಮೇಲೆ, ಅಭಿಮಾನಿಗಳು ಬಾಯಿಬಿಡದ ವಿಷಯಕ್ಕೆ ಬರಲೇಬೇಕು. ಆಟದಲ್ಲಿ ಸ್ಟಿರಾಯ್ಡ್ ಬಳಕೆ ಕುರಿತ ಮಿಚೆಲ್ ವರದಿ 2007ರ ಡಿಸೆಂಬರ್‌ನಲ್ಲಿ ಹೊರಬಂತು. ಬಾಂಡ್ಸ್ ಅವರ ಖಾಸಗಿ ತರಬೇತುದಾರ ಗ್ರೆಗ್ ಆಂಡರ್ಸನ್ ಕ್ಲಬ್‌ಹೌಸ್‌ನಲ್ಲಿ ಓಡಾಡಿಕೊಂಡಿರುವ ಬಗ್ಗೆ ತಂಡದ ಟ್ರೇನರ್ ಸೇಬಿಯನ್ ಅವರಿಗೆ ಆತಂಕ ತಿಳಿಸಿದ್ದರು, ಸೇಬಿಯನ್ ಅದನ್ನು ಲೀಗ್‌ನ ಕಚೇರಿಗೆ ಮುಟ್ಟಿಸಲಿಲ್ಲ ಎಂದು ಅದರಲ್ಲಿದೆ. ಆಂಡರ್ಸನ್ ನಂತರ ಸ್ಟಿರಾಯ್ಡ್ ಹಂಚಿದ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡರು. ಆಗ ಎಲ್ಲರೂ ಹಾಗೇ ಇದ್ದರು, ಮಾಲೀಕರೂ ಆಟಗಾರರ ಸಂಘವೂ ಕಣ್ಣು ಮುಚ್ಚಿದ್ದವು ಎಂಬ ಸಮಜಾಯಿಷಿ ನನಗೆ ಒಪ್ಪಿಗೆಯಿಲ್ಲ. ಒಬ್ಬ ನೌಕರ ಧೈರ್ಯ ಮಾಡಿ ಮೇಲಧಿಕಾರಿಯ ಬಾಗಿಲು ತಟ್ಟಿದ್ದಾನೆ. ಆ ಕ್ಷಣದಲ್ಲಿ ಇಡೀ ವ್ಯವಸ್ಥೆಯ ಪ್ರಶ್ನೆ ಇರಲಿಲ್ಲ, ಒಬ್ಬ ಮನುಷ್ಯ ಏನು ಮಾಡುತ್ತಾನೆ ಎಂಬ ಪ್ರಶ್ನೆ ಇತ್ತು. ಟಕರ್, ಪಿಯರ್ಜಿನ್‌ಸ್ಕಿ, ಝೀಟೊ ಇವೆಲ್ಲ ಆಟದ ಲೆಕ್ಕದಲ್ಲಿ ಸರಿದೂಗಬಹುದಾದ ತಪ್ಪುಗಳು. ಇದನ್ನು ಪೋಸಿಯವರ ಆಯ್ಕೆಯಿಂದಲೂ ಲಿನ್ಸಕಮ್ ಅವರನ್ನು ಉಳಿಸಿಕೊಂಡದ್ದರಿಂದಲೂ ಕಳೆಯಲು ಬರುವುದಿಲ್ಲ. ಅದನ್ನು ಬೇರೆಯೇ ಪುಟದಲ್ಲಿ ಬರೆದಿಡಬೇಕು, ಅಳಿಸದೆ.

ಸೇಬಿಯನ್ 2015ರಲ್ಲಿ ಜನರಲ್ ಮ್ಯಾನೇಜರ್ ಹುದ್ದೆಯನ್ನು ಬಾಬಿ ಎವನ್ಸ್ ಅವರಿಗೆ ಬಿಟ್ಟು ಮೇಲಿನ ಜಾಗಕ್ಕೆ ಹೋದರು. ಗೆದ್ದ ಆಟಗಾರರನ್ನು ಕೃತಜ್ಞತೆಯಿಂದ ಉಳಿಸಿಕೊಂಡ ದುಬಾರಿ ಒಪ್ಪಂದಗಳು ಭಾರವಾದವು. 2017ರಲ್ಲಿ ತಂಡ 98 ಪಂದ್ಯ ಸೋತಿತು. 2023ರಲ್ಲಿ ಅವರು ಸಲಹೆಗಾರರಾಗಿ ಯಾಂಕೀಸ್‌ಗೆ ಮರಳಿದರು. 2024ರ ಶರತ್ಕಾಲದಿಂದ ಜೈಂಟ್ಸ್ ಆಡಳಿತದ ಮುಖ್ಯ ಕುರ್ಚಿಯಲ್ಲಿ ಕೂತವರು ಬಸ್ಟರ್ ಪೋಸಿ. 2025ರ ಜೂನ್‌ನಲ್ಲಿ ಅವರು ಎಳೆಯ ಪಿಚರ್ ಕೈಲ್ ಹ್ಯಾರಿಸನ್, ಹಿಂದಿನ ವರ್ಷದ ಮೊದಲ ಸುತ್ತಿನ ಆಯ್ಕೆ ಜೇಮ್ಸ್ ಟಿಬ್ಸ್ ಸೇರಿ ನಾಲ್ವರನ್ನು ಬಾಸ್ಟನ್‌ಗೆ ಕೊಟ್ಟು ರಫೇಲ್ ಡೆವರ್ಸ್ ಅವರನ್ನು, 2033ರವರೆಗಿನ ಅವರ ಒಪ್ಪಂದದ ಸಮೇತ ತಂದರು. ಒಂದೇ ಸಂಜೆಯಲ್ಲಿ ಊರು ತೀರ್ಪು ಕೊಟ್ಟು ಮುಗಿಸಿತು, ಬಹುಪಾಲು ಚಪ್ಪಾಳೆಯೇ. ನಾನು ನೋಡಲಿರುವುದು ಬೇರೆ: ಕೊಟ್ಟ ಆ ಹುಡುಗರ ಜಾಗಕ್ಕೆ ಪೋಸಿ ಯಾರನ್ನು ಆರಿಸಿ ಬೆಳೆಸುತ್ತಾರೆ, ಮುಂದಿನ ಚಳಿಗಾಲಗಳಲ್ಲಿ ಯಾರನ್ನು ಕೇಳಿದರೂ ಕೊಡುವುದಿಲ್ಲ ಎನ್ನುತ್ತಾರೆ ಎಂಬುದನ್ನು.